ಹೊನ್ನೆ ಮರದ ಮರಗಸಿ

ಹಿರೇಬೈಲು
ಆಗಸ್ಟ್ ೨೦೦೬

ಪ್ರೀತಿಯ ಸೌಂದರ್ಯಳಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಫೋನ್ ಮಾಡಿದ್ದರೆ ಆಗುತ್ತಿರಲಿಲ್ಲವೇ, ಅತ್ತೆ ಕಾಗದ ಯಾಕೆ ಬರೆದರು ಎಂದು ನಿನಗೆ ಅನ್ನಿಸಬಹುದು. ನೀನು ಫೋನಿಗೆ ಬಂದರೆ ತಾನೇ ಹೇಳುವುದು? ನಾನು ಮಾಡಿದಾಗಲೆಲ್ಲ ನಿನ್ನ ಅಮ್ಮ ಎತ್ತಿಕೊಂಡು, ಈಗಷ್ಟೇ ಮಲಗಿದಳು ಅನ್ನುತ್ತಾರೆ. ಮೂಳೆ ಮುರಿದವರಿಗೆ ನಿದ್ದೆ ಬೇಕು, ಒಪ್ಪಿದೆ. ಆದರೆ ಬೆಳಿಗ್ಗೆ ಮಾಡಿದರೂ ನಿದ್ದೆ, ಸಂಜೆ ಮಾಡಿದರೂ ನಿದ್ದೆ, ನಾನು ಫೋನ್ ಇಟ್ಟ ಮೇಲೆ ಎಚ್ಚರ. ಇದು ಎಂಥ ನಿದ್ದೆ ಮಾರಾಯ್ತಿ? ನಾನೇನು ನಿನ್ನೆ ಮೊನ್ನೆ ಹುಟ್ಟಿದವಳೇ? ಕಾಗದಕ್ಕಾದರೆ ಮಲಗಿದ್ದೇನೆ ಎಂದು ಹೇಳಿ ಕಳಿಸಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಮೊನ್ನೆ ಮಳೆ ಸ್ವಲ್ಪ ಹೊಳವಾಗಿತ್ತು. ಹೊನ್ನೆ ಮರಕ್ಕೆ ಮರಗಸಿ ಮಾಡಿಸಿದೆ. ಬೆಳ್ಳಿಯಪ್ಪ ಮೇಸ್ತ್ರಿ ಹತ್ತಿದ, ನಾನು ಕೆಳಗೆ ನಿಂತು ಮಾಡಿಸಿದೆ. ನಿನ್ನ ಮಾವ ಬೇಡ ಅಂದರು, ಆ ಹುಡುಗಿ ಬರಲಿ, ಅವಳನ್ನು ಒಂದು ಮಾತು ಕೇಳಿ ಮಾಡಿಸೋಣ ಅಂದರು. ನಾನು ಅವರ ಮಾತು ಕೇಳಲಿಲ್ಲ. ಮರ ಕಡಿಸಿಲ್ಲ, ಹೆದರಬೇಡ, ಬುಡ ಗಟ್ಟಿಯಾಗಿ ನಿಂತಿದೆ. ಕೊಂಬೆಗಳನ್ನು ಮಾತ್ರ ತೆಗೆಸಿದ್ದೇನೆ. ನಿನಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ಬರಲಿ, ಆ ಸಿಟ್ಟಿನಲ್ಲೇ ಆದರೂ ಕಾಗದವನ್ನು ಪೂರ್ತಿ ಓದು.

ಅವತ್ತು ಜೀಪಿನಲ್ಲಿ ಮೂಡಿಗೆರೆ ಆಸ್ಪತ್ರೆಗೆ ಹೋಗುವಾಗ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಕೈ ಅಲುಗದ ಹಾಗೆ ನನ್ನ ಹಳೆಯ ಸೀರೆ ಹರಿದು ಎದೆಗೆ ಕಟ್ಟಿದ್ದೆ. ಜೀಪು ಒಂದೊಂದು ಗುಂಡಿಗೆ ಇಳಿದಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು, ನೀನು ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ. ಕೊಟ್ಟಿಗೆಹಾರ ದಾಟಿದ ಮೇಲೆ ಕಣ್ಣು ಬಿಟ್ಟು ನನ್ನನ್ನೇ ನೋಡಿ ಹೇಳಿದೆ: 'ಅತ್ತೆ, ಅವ್ರು ಬೇಡ ಅಂದ್ರು.'

ಅಷ್ಟೇ ಹೇಳಿದ್ದು. ನಿನ್ನ ಮಾವನಿಗೆ ಅರ್ಥವಾಗಲಿಲ್ಲ, ಏನೋ ನೋವಿನ ಬಡಬಡಿಕೆ ಎಂದುಕೊಂಡರು. ನನಗೆ ಅರ್ಥವಾಯಿತು. ಹಿಂದಿನ ದಿನ ತಾನೇ ನಿನ್ನ ಅಣ್ಣ ಕುಮಾರ್ ಫೋನ್ ಮಾಡಿ ಆ ರಂಗನಾಥನ ವಿಷಯ ಎತ್ತಿದ್ದ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ, ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ, ಒಮ್ಮೆ ಬಂದು ನೋಡಿಕೊಂಡು ಹೋಗಲಾ ಎಂದು ಕೇಳಿದ್ದಾನೆ ಎಂದು. ಬರಲಿ ಬಿಡು, ನೋಡಿದರೆ ಗಂಟೇನು ಹೋಗುತ್ತದೆ ಎಂದು ನಾನೇ ನಿನ್ನ ಹಿಂದೆ ಬಿದ್ದಿದ್ದೆ. ರಾತ್ರಿ ಊಟದ ತಟ್ಟೆಯ ಮುಂದೆ ಕೂತು ನೀನು, ಆಯಿತು ಅತ್ತೆ, ಬರಲಿ ಅಂದೆ. ಬೆಳಿಗ್ಗೆ ಎದ್ದವಳೇ ಹೊನ್ನೆ ಮರದ ಹತ್ತಿರ ಹೋದೆ. ಹೋಗಿ, ತೀರಿಕೊಂಡ ನನ್ನ ದಿಲೀಪ ಆ ಮರದಲ್ಲೇ ಇದ್ದಾನೆ ಎಂದು ನಂಬಿ ಅವನಿಗೆ ಹೇಳಿದೆ. ಅದೇ ಹೊತ್ತಿಗೆ ಪುನರ್ವಸು ಮಳೆಯ ಗಾಳಿ ಎದ್ದು ಆ ಕೊಂಬೆ ನಿನ್ನ ಮೇಲೆ ಬಿತ್ತು.

ಈಗ ನಾನು ಹೇಳುವುದನ್ನು ಕೇಳಿ ನೀನು ನನ್ನನ್ನು ಏನೆಂದುಕೊಳ್ಳುತ್ತೀಯೋ ಗೊತ್ತಿಲ್ಲ. ಅವರು ಬೇಡ ಅಂದರು ಎಂದು ನೀನು ಹೇಳಿದಾಗ ನನಗೆ ಮೊದಲು ಆದದ್ದು ಭಯವಲ್ಲ, ನಿನ್ನ ಮೇಲೆ ಕನಿಕರವೂ ಅಲ್ಲ. ಸಂತೋಷ ಆಯಿತು ಸೌಂದರ್ಯ. ಮೂಳೆ ಮುರಿದು ಮಲಗಿದ ಹುಡುಗಿಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ನನಗೆ ಸಂತೋಷವಾಯಿತು. ಹಾಗಾದರೆ ನನ್ನ ಮಗ ಅಲ್ಲಿದ್ದಾನೆ, ಅವನಿಗೆ ಇನ್ನೂ ಕೇಳಿಸುತ್ತದೆ, ಅವನಿಗೆ ಇನ್ನೂ ಹೆಂಡತಿ ಬೇಕು ಅಂತ. ಆಸ್ಪತ್ರೆಯ ಬಾಗಿಲು ಬರುವವರೆಗೂ ನಾನು ಅದೇ ಸಂತೋಷದಲ್ಲಿದ್ದೆ. ಆಮೇಲೆ ನಿನ್ನನ್ನು ಇಳಿಸಿಕೊಳ್ಳುವಾಗ ನೀನು ಒಮ್ಮೆ ಕಿರುಚಿದೆ ನೋಡು, ಆಗ ನನಗೆ ನನ್ನ ಮೇಲೇ ಹೇಸಿಗೆ ಹುಟ್ಟಿತು.

ನೀನು ಒಬ್ಬಳೇ ಆ ಮರದ ಹತ್ತಿರ ಹೋಗುತ್ತಿದ್ದೆ ಎಂದು ತಿಳಿದಿದ್ದೀಯ. ನಾನೂ ಹೋಗುತ್ತಿದ್ದೆ. ಮಧ್ಯಾಹ್ನ ನೀನು ಮಲಗಿದ ಮೇಲೆ, ಕೋಳಿ ಮೊಟ್ಟೆ ಹುಡುಕುವ ನೆಪ ಮಾಡಿಕೊಂಡು ಹೋಗುತ್ತಿದ್ದೆ. ನಿನ್ನ ಹಾಗೆ ಕಣ್ಣು ಮುಚ್ಚಿ ಕೈಯಿಟ್ಟು ನಿಲ್ಲಲು ನನಗೆ ಬರುವುದಿಲ್ಲ. ನಾನು ಹೋಗಿ ಬಯ್ಯುತ್ತಿದ್ದೆ. ಅಷ್ಟು ಜೋರಾಗಿ ಬೈಕ್ ಬಿಡುವ ಅರ್ಜೆಂಟ್ ಏನಿತ್ತೋ ನಿನಗೆ ಎಂದು ಬಯ್ಯುತ್ತಿದ್ದೆ. ಬೈದು ಮುಗಿದ ಮೇಲೆ, ಈ ಸಲ ಪೆಪ್ಪರ್ ಚೆನ್ನಾಗಿದೆ, ನಿನ್ನ ಅಪ್ಪನಿಗೆ ಮಂಡಿನೋವು ಹೆಚ್ಚಾಗಿದೆ ಎಂದು ಸುದ್ದಿ ಹೇಳಿ ಬರುತ್ತಿದ್ದೆ. ಅವತ್ತು ರಾತ್ರಿ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು.

ಇದಕ್ಕೆಲ್ಲ ಯಾರನ್ನು ಬಯ್ಯುವುದು ಎಂದು ಯೋಚಿಸಿದರೆ ನೋರಾಳ ಮುಖ ಕಣ್ಣ ಮುಂದೆ ಬರುತ್ತದೆ, ಆದರೆ ಬಯ್ಯಲು ಮನಸ್ಸು ಬರುವುದಿಲ್ಲ. ದಿಲೀಪ ಹೋದ ಮರುವರ್ಷ, ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಬಂದವಳು. ಮನೆಯಲ್ಲಿ ನಾಲ್ಕು ಜನ ಓಡಾಡಿದರೆ ನೀನು ಬಾಯಿ ಬಿಡುತ್ತೀಯೇನೋ ಎಂದು ನಿನ್ನ ಮಾವ ಹಟ ಹಿಡಿದು, ಹೊರಗಿನ ಕೋಣೆಗೆ ಬಣ್ಣ ಹೊಡೆಸಿ ಹೋಂಸ್ಟೇ ಬೋರ್ಡ್ ಹಾಕಿಸಿದ್ದರು. ಐರ್ಲೆಂಡಿನಿಂದ ಬಂದ ಆ ಹೆಂಗಸಿಗೆ ನನ್ನಷ್ಟೇ ವಯಸ್ಸು. ಗಂಡಸರ ಶೂ ಹಾಕಿಕೊಂಡು ತೋಟವಿಡೀ ಸುತ್ತುವುದು, ಸಿಕ್ಕ ಮರವನ್ನೆಲ್ಲ ತಟ್ಟಿ ಮಾತಾಡಿಸುವುದು. ಬಿ.ಎ. ಓದಿದ ನೀನು ಅವಳ ಇಂಗ್ಲಿಷನ್ನು ನನಗೆ ಕನ್ನಡ ಮಾಡಿ ಹೇಳುತ್ತಿದ್ದೆ. ಅವನು ಹೋದ ಮೇಲೆ ನೀನು ಅಷ್ಟು ಮಾತಾಡಿದ್ದು ಆಗಲೇ. ಅದಕ್ಕೇ ಅವಳಿಗೆ ದಿನಾ ಕಡುಬು ಮಾಡಿ ಹಾಕಿದೆ, ಇನ್ನೂ ಸ್ವಲ್ಪ ದಿನ ಇರಲಿ ಎಂದು.

ಅವಳ ಹಿರೀಕರು, ಕೆಲ್ಟಿಕ್ ಜನ ಅಂತ, ಒಂದೊಂದು ಮರಕ್ಕೂ ಒಂದೊಂದು ಜೀವ, ಒಂದೊಂದು ಗುಣ ಎಂದು ನಂಬಿದ್ದರಂತೆ. ಅವರ ಹಳೆಯ ಲಿಪಿಯ ಅಕ್ಷರಗಳನ್ನೂ ಮರದ ಹೆಸರಿನಿಂದಲೇ ಕರೆಯುತ್ತಿದ್ದರಂತೆ. ಮನೆಯ ಬಾಗಿಲ ಹತ್ತಿರ ಕೆಂಪು ಹಣ್ಣಿನ ರೋವನ್ ಮರ ಇದ್ದರೆ ಕೆಟ್ಟದ್ದು ಒಳಗೆ ಬರುವುದಿಲ್ಲ. ಒಂಟಿಯಾಗಿ ನಿಂತ ಮುಳ್ಳಿನ ಮರವನ್ನು ಯಾರೂ ಮುಟ್ಟುವುದಿಲ್ಲ, ರಸ್ತೆ ಮಾಡುವವರೂ ಅದನ್ನು ಬಳಸಿಕೊಂಡು ಹೋಗುವುದುಂಟು. ಇದನ್ನು ಹೇಳಲು ಈ ಯಮ್ಮ ಸಮುದ್ರ ದಾಟಿ ಬರಬೇಕಿತ್ತಾ, ನಮ್ಮ ಚೌಡಿಬನದ ಮರಕ್ಕೆ ಕತ್ತಿ ಇಡುವ ಗಂಡಸು ಈ ಸೀಮೆಯಲ್ಲಿ ಹುಟ್ಟಿದ್ದಾನಾ ಎಂದು ನಾನು ನಕ್ಕಿದ್ದೆ. ನೀನು ಅದನ್ನು ಇಂಗ್ಲಿಷ್ ಮಾಡಿ ಹೇಳಿದಾಗ ಅವಳು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ಹುಟ್ಟಿದ ದಿನಕ್ಕೆ ಒಂದೊಂದು ಮರ ಎನ್ನುವುದನ್ನೂ ಅವಳೇ ಹೇಳಿದ್ದು. ಅದು ಎಷ್ಟು ಹಳೆಯ ಪದ್ಧತಿ ಎಂದು ತಮ್ಮವರಲ್ಲೇ ಜಗಳ ಇದೆ ಎಂದೂ ಹೇಳಿದ್ದಳು, ಆ ಮಾತನ್ನು ಮಾತ್ರ ನೀನು ಕಿವಿಗೆ ಹಾಕಿಕೊಳ್ಳಲಿಲ್ಲ. ಯುಗಾದಿ ಹೊತ್ತಿಗೆ ಹುಟ್ಟಿದ ನಿನಗೆ ಬಂದದ್ದು ಆಲ್ಡರ್ ಎನ್ನುವ ಮರ. ನೀರಿನ ದಂಡೆಯಲ್ಲಿ ಬೆಳೆಯುವ ಮರವಂತೆ. ಕಡಿದ ಜಾಗ ನೋಡುನೋಡುತ್ತಾ ಕೆಂಪಾಗುತ್ತದಂತೆ, ರಕ್ತ ಬಂತು ಎಂದು ಅದನ್ನು ಕಡಿಯಲು ಜನ ಹೆದರುತ್ತಿದ್ದರಂತೆ. ಅಷ್ಟು ಕೇಳಿದ್ದೇ ತಡ ನೀನು ಎದ್ದು ನಿಂತೆ. ಅಂಥ ಮರ ನಮ್ಮಲ್ಲೂ ಒಂದಿದೆ ಎಂದು ಅವಳನ್ನು ಹೊನ್ನೆ ಮರಕ್ಕೆ ಕರೆದುಕೊಂಡು ಹೋದೆ.

ಯಾಕೆ ಅಲ್ಲಿಗೇ ಹೋದೆ ಎಂದು ನನಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಆ ದಡ್ಡ ನಿನ್ನನ್ನು ತೋಟ ತೋರಿಸಲು ಕರೆದುಕೊಂಡು ಹೋಗಿ, ಹೊನ್ನೆಗೆ ಕತ್ತಿಯಲ್ಲಿ ಒಂದು ಏಟು ಹಾಕಿ, ನೋಡು ರಕ್ತ ಎಂದು ಹೆದರಿಸಿದ್ದ. ಕೆಂಪು ಅಂಟು ಸುರಿದದ್ದು ನೋಡಿ ಪೇಟೆ ಹುಡುಗಿ ನೀನು ಅತ್ತೇ ಬಿಟ್ಟಿದ್ದೆ. ಮಗನೆಂದು ನೋಡದೆ ಅವನಿಗೆ ಅವತ್ತು ಸರಿಯಾಗಿ ಬೈದಿದ್ದೆ. ನೋರಾ ಆ ಹಳೆಯ ಗಾಯದ ಮೇಲೆ ಅಂಗೈಯಿಟ್ಟು ಸುಮಾರು ಹೊತ್ತು ನಿಂತಳು, ನೀನೂ ಇಟ್ಟೆ. ಇಟ್ಟ ಕೈಯನ್ನು ಮತ್ತೆ ತೆಗೆಯಲೇ ಇಲ್ಲ ನೀನು.

ಅವರ ಕಡೆ ಬಾವಿಯ ಪಕ್ಕದ ಮರಕ್ಕೆ ನೋವಿದ್ದವರ ಬಟ್ಟೆಯ ಚೂರು ಕಟ್ಟುತ್ತಾರಂತೆ. ಬಟ್ಟೆ ಮಳೆಗಾಳಿಗೆ ಕೊಳೆತು ಉದುರಿದ ಹಾಗೆ ನೋವೂ ಉದುರುತ್ತದೆ ಎಂದು ನಂಬಿಕೆ. ನೀನು ದಿಲೀಪನ ಅಂಗಿ ಹರಿದು ಕಟ್ಟಿದೆ. ಕಟ್ಟಿದ್ದು ಪಾಲಿಯೆಸ್ಟರ್ ಅಂಗಿ! ಪಾಲಿಯೆಸ್ಟರ್ ಎಲ್ಲಾದರೂ ಕೊಳೆಯುತ್ತದಾ? ಹೋಗಲಿ, ಬಣ್ಣವಾದರೂ ಮಾಸಲು ಬಿಟ್ಟೆಯಾ ಅಂದರೆ ಅದೂ ಇಲ್ಲ, ಮಾಸಿದಾಗಲೆಲ್ಲ ಬಿಚ್ಚಿ ಒಗೆದು ಮತ್ತೆ ಕಟ್ಟಿದೆ. ಹೇಳಬೇಕು ಎಂದು ನನ್ನ ನಾಲಿಗೆ ತುದಿಗೆ ಬಂದದ್ದುಂಟು. ಬಟ್ಟೆ ಹೋದರೆ ಅವನೂ ಹೋಗುತ್ತಾನೆ ಎಂದು ನನಗೂ ಅನ್ನಿಸುತ್ತಿತ್ತಲ್ಲ, ಇನ್ನು ಯಾವ ಬಾಯಲ್ಲಿ ಹೇಳುವುದು?

ಅವಳು ಹೇಳಿಕೊಟ್ಟ ಇನ್ನೊಂದು, ಕೊಂಬೆ ಕಡಿಯುವ ಮೊದಲು ಮರವನ್ನು ಕೇಳಬೇಕು ಎನ್ನುವುದು. ಅದರಲ್ಲಿ ನಮಗೆ ಹೊಸದೇನೂ ಇರಲಿಲ್ಲ. ಮರಗಸಿ ಅಂದರೆ ಏನತ್ತೆ ಎಂದು ನೀನು ಬಂದ ವರ್ಷ ಕೇಳಿದ್ದೆ. ನೆರಳಿನ ಮರಗಳ ಕೊಂಬೆ ಸವರಿ ಕಾಫಿಗೆ ಬೆಳಕು ಬಿಡುವ ಕೆಲಸ, ಮಳೆ ಹಿಡಿಯುವ ಮೊದಲು ಆಗಲೇಬೇಕು, ಇಲ್ಲದಿದ್ದರೆ ಗಿಡಕ್ಕೆ ಕೊಳೆರೋಗ, ಮರಕ್ಕೆ ತಲೆಭಾರ ಎಂದು ಹೇಳಿದ್ದೆ. ಆ ಕೆಲಸ ಶುರು ಮಾಡುವ ದಿನ ಬೆಳ್ಳಿಯಪ್ಪನ ಕಡೆಯವರೂ ಚೌಡಿಗೆ ಕಾಯಿ ಒಡೆದು, ಮೊದಲ ಮರದ ಬುಡಕ್ಕೆ ಎಲೆ ಅಡಿಕೆ ಇಟ್ಟು, ತಪ್ಪು ತಿಳ್ಕೋಬೇಡ ತಾಯಿ ಎಂದು ಕೈಮುಗಿದೇ ಹತ್ತುವುದು. ಆದರೆ ಅವರು ಕೇಳಿ ಹತ್ತುತ್ತಾರೆ. ನೀನು ಕೇಳಿ, ಉತ್ತರಕ್ಕೆ ಕಾದೆ. ಮೊದಲ ವರ್ಷ ಕಾದು ಬಂದು, ಹೊನ್ನೆ ಬೇಡ ಅಂತಿದೆ ಮಾವ ಅಂದೆ. ಅವರು ಬೆಳ್ಳಿಯಪ್ಪನನ್ನು ಕರೆದು ಆ ಮರವೊಂದನ್ನು ಬಿಟ್ಟುಬಿಡಲು ಹೇಳಿದರು. ಮರುವರ್ಷವೂ ಮರ ಬೇಡ ಅಂದಿತು. ಈ ವರ್ಷವೂ ಬೇಡ ಅಂದಿತು. ಒಂದು ಮರ ತಾನೇ, ಹುಡುಗಿಯ ಮನಸ್ಸಿಗಿಂತ ಹೆಚ್ಚಾ ಎಂದು ನಿನ್ನ ಮಾವ ಅಂದರು. ಕಾಫಿ ಬೆಳೆಯುವ ಮನೆಯಲ್ಲಿ ಹುಟ್ಟಿ ಕಾಫಿ ಬೆಳೆಯುವ ಮನೆಗೇ ಬಂದ ನಾನೂ ಸುಮ್ಮನಿದ್ದೆ. ಆ ಮರದಡಿಯ ಗಿಡಗಳ ಎಲೆ ಕಪ್ಪಾಗಿ ಜೋತುಬಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು, ಯಾರೂ ಅದರ ಮಾತೆತ್ತಲಿಲ್ಲ.

ನಿನ್ನನ್ನು ಚಿಕ್ಕಮಗಳೂರಿಗೆ ನಿನ್ನ ಅಮ್ಮನ ಮನೆಗೆ ಬಿಟ್ಟು ಬಂದ ಮೇಲೆ ನಾನು ಮರದ ಹತ್ತಿರ ಹೋಗಲಿಲ್ಲ. ಹೆದರಿಕೆ ಆಗುತ್ತಿತ್ತು. ನಿನ್ನ ಮಾವ, ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ ಎಂದು ಸಮಾಧಾನ ಹೇಳಿದರು. ನನಗೆ ಅದರಿಂದ ಸಮಾಧಾನ ಆಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಕೊಡೆ ಹಿಡಿದು ಹೋದೆ. ಬಿದ್ದ ಕೊಂಬೆ ಹಾಗೇ ಬಿದ್ದಿತ್ತು, ಕಾಫಿ ಗಿಡಗಳನ್ನು ಅಡಿಗೆ ಹಾಕಿಕೊಂಡು. ಬಾಗಿ ಅದರ ಬುಡ ನೋಡಿದೆ. ಹಳೆಯ ಗಂಟಿನಲ್ಲಿ ನೀರು ನಿಂತು ಒಳಗೆಲ್ಲ ಲಡ್ಡಾಗಿತ್ತು, ಬೆರಳಿಟ್ಟರೆ ಪುಡಿ ಪುಡಿ. ತೊಗಟೆಯ ಆಧಾರದ ಮೇಲೆ ಅಷ್ಟು ದೊಡ್ಡ ಕೊಂಬೆ ಅಷ್ಟು ಸೊಪ್ಪು ಹೊತ್ತುಕೊಂಡು ಪಡುವಣ ಗಾಳಿಗೆ ಮುಖ ಕೊಟ್ಟು ನಿಂತಿತ್ತು. ಒಂದೇ ಒಂದು ಮರಗಸಿ ಆಗಿದ್ದರೂ ಹೋಗಬೇಕಾದ ಕೊಂಬೆ ಅದು. ಕಾಗೆಯೂ ಬೇಕಿರಲಿಲ್ಲ, ದಿಲೀಪನೂ ಬೇಕಿರಲಿಲ್ಲ, ನೀನು ಕೆಳಗೆ ಇಲ್ಲದಿದ್ದರೂ ಆ ಗಾಳಿಗೆ ಅದು ಬೀಳುತ್ತಿತ್ತು.

ಅದನ್ನು ನೋಡಿದ ಮೇಲೂ ನನ್ನ ಮನಸ್ಸು ಸುಲಭಕ್ಕೆ ಒಪ್ಪಲಿಲ್ಲ. ಲಡ್ಡಾಗಿದ್ದರೇನು, ಬೀಳಿಸುವವನು ಅವನೇ ಇರಬಹುದಲ್ಲ ಅಂದಿತು. ಅಲ್ಲೇ ಆ ಕೊಂಬೆಯ ಮೇಲೆ ಕೂತುಬಿಟ್ಟೆ. ಕೂತು ನನ್ನ ಮಗನನ್ನು ನೆನೆಸಿಕೊಂಡೆ, ನೀನು ಮರದಲ್ಲಿ ನೋಡುವ ದಿಲೀಪನನ್ನಲ್ಲ, ನಾನು ಹೆತ್ತು ಸಾಕಿದವನನ್ನು. ಸೋಮಾರಿ, ಸುಳ್ಳು ಹೇಳುವುದರಲ್ಲಿ ಚತುರ, ಸಿಕ್ಕವರಿಗೆಲ್ಲ ಬೈಕ್ ಕೊಡುವ ಧಾರಾಳಿ. ಎಲ್ಲಾ ಹೌದು. ಆದರೆ ಅವನ ಸಿಟ್ಟು ಯಾವತ್ತೂ ಅವನ ಹೊಟ್ಟೆಯ ಮೇಲೆ ತಾನೇ? ಸಿಟ್ಟು ಬಂದರೆ ಊಟ ಬಿಡುತ್ತಿದ್ದ. ನಿನ್ನ ಮೇಲೆ ಸಿಟ್ಟು ಬಂದಾಗಲೂ ಅಷ್ಟೇ, ರೊಟ್ಟಿ ಬೇಡ ಎಂದು ಮುಖ ತಿರುಗಿಸಿ ಮಲಗಿ, ಮಧ್ಯರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ತಡಕುತ್ತಿದ್ದ. ಅವನು ಯಾರ ಮೇಲೂ ಕೈ ಎತ್ತಿದ್ದನ್ನು ನಾನು ನೋಡಿಲ್ಲ, ನೀನು ನೋಡಿದ್ದೀಯಾ?

ಹಾಗಿದ್ದ ಮೇಲೆ ನನ್ನ ಮುಂದೆ ಎರಡೇ ದಾರಿ ಇದ್ದವು. ಅವನು ಆ ಮರದಲ್ಲಿ ಇದ್ದಾನೆ ಅನ್ನುವುದಾದರೆ, ನೀನು ಬದುಕಲು ಹೊರಟೆ ಎಂದು ನಿನ್ನ ಮೂಳೆ ಮುರಿದವನು ಅವನೇ. ಮುರಿದವನು ಅವನಲ್ಲ ಅನ್ನುವುದಾದರೆ, ಅವನು ಅಲ್ಲಿ ಇಲ್ಲ. ಎರಡನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ ಮಗಳೇ, ನಾನು ಬಹಳ ಪ್ರಯತ್ನಪಟ್ಟೆ. ಇದ್ದಾನೆ ಅಂದುಕೊಂಡರೆ ನನಗೆ ಮಧ್ಯಾಹ್ನ ಹೋಗಿ ಕೂರಲು ಒಂದು ಜಾಗ ಉಳಿಯುತ್ತದೆ, ಆದರೆ ನನ್ನ ಮಗ ಕೆಟ್ಟವನಾಗುತ್ತಾನೆ. ಇಲ್ಲ ಅಂದುಕೊಂಡರೆ ನನ್ನ ಮಗ ಒಳ್ಳೆಯವನಾಗಿ ಉಳಿಯುತ್ತಾನೆ, ನನಗೆ ಹೋಗಲು ಎಲ್ಲೂ ಜಾಗ ಇಲ್ಲ. ಬೂದಿಯನ್ನಂತೂ ಅವತ್ತೇ ಕಳಸದಲ್ಲಿ ಭದ್ರೆಗೆ ಬಿಟ್ಟಿದ್ದೇವೆ.

ಕೊಂಬೆಯಿಂದ ಎದ್ದಾಗ ನನಗೆ ಮೊದಲ ಸಲದ್ದಕ್ಕಿಂತ ಹೆಚ್ಚು ಅಳು ಬಂತು. ಮೊದಲ ಸಲ ಮನೆ ತುಂಬ ಜನ ಇದ್ದರು, ನಿನ್ನನ್ನು ಹಿಡಿದುಕೊಳ್ಳುವ ಕೆಲಸ ಇತ್ತು. ಈ ಸಲ ನಾನೊಬ್ಬಳೇ ಅವನನ್ನು ಕಳಿಸಿಕೊಡಬೇಕಾಯಿತು. ಮನೆಗೆ ಬಂದು ಮುಖ ತೊಳೆದುಕೊಂಡು ಬೆಳ್ಳಿಯಪ್ಪನನ್ನು ಕರೆಸಿದೆ.

ಮಳೆ ನಿಂತ ದಿನ ಅವನು ಹಗ್ಗ, ಕತ್ತಿ ಹಿಡಿದು ಬಂದ. ಬಂದವನು ಮರ ಹತ್ತದೆ ತಲೆ ಕೆರೆದುಕೊಂಡು ನಿಂತ. ಮೂರು ವರ್ಷ ಬೇಡ ಅಂದ ಮರ, ಅವನಿಗೂ ಅಳುಕು. 'ಸಣ್ಣಮ್ಮಾವ್ರು ಕೇಳೋ ಹಂಗೆ ಕೇಳೋದಾ ಅಮ್ಮಾ, ನಾವು ಕೇಳೋ ಹಂಗಾ?' ಅಂದ.

'ನೀವ್ ಕೇಳೋ ಹಂಗೇ ಕೇಳು,' ಅಂದೆ. 'ಮರನ ಕೇಳು. ಅಲ್ಲಿ ಇನ್ಯಾರೂ ಇಲ್ಲ.'

ಅವನು ಎಲೆ ಅಡಿಕೆ ಇಟ್ಟು ಕೈಮುಗಿದು ಹತ್ತಿದ. ಒಂದೊಂದು ಕೊಂಬೆ ಬಿದ್ದಾಗಲೂ ಕಡಿದ ಜಾಗದಿಂದ ಕೆಂಪಗೆ ಇಳಿಯಿತು. ಅದು ಹೊನ್ನೆಯ ಅಂಟು, ನನ್ನ ಅಜ್ಜಿ ಬಾಣಂತಿಯರ ಔಷಧಿಗೆ ಇಟ್ಟುಕೊಳ್ಳುತ್ತಿದ್ದ ಅಂಟು ಎಂದು ಬಾಯಲ್ಲಿ ಹೇಳಿಕೊಂಡೇ ನಿಂತಿದ್ದೆ. ನಿನ್ನ ಮಾವ ನೋಡಲಾರದೆ ಒಳಗೆ ಹೋಗಿ ರೇಡಿಯೋ ಜೋರಾಗಿ ಹಾಕಿಕೊಂಡರು. ದಿಲೀಪನ ಅಂಗಿಯ ಚೂರು ಇದ್ದ ಕೊಂಬೆಯೂ ಹೋಯಿತು, ಚೂರನ್ನು ಬಿಚ್ಚಿ ಒಲೆಗೆ ಹಾಕಿದೆ. ಅದೊಂದಕ್ಕೆ ನೀನು ನನ್ನನ್ನು ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ.

ನಿನ್ನ ನೋರಾ ಹೇಳಿದ್ದು ಸುಳ್ಳು ಎಂದು ನಾನು ಹೇಳುವುದಿಲ್ಲ. ಮರ ಹೂಂ ಅಂದರೂ ಉಹೂಂ ಅಂದರೂ ಕೇಳುವವರು ಒಪ್ಪಲು ತಯಾರಿರಬೇಕು ಎಂದು ಅವಳು ಹೇಳಿದ್ದನ್ನು ನೀನೇ ನನಗೆ ಕನ್ನಡ ಮಾಡಿ ಹೇಳಿದ್ದೆ. ನಾವೂ ದೇವರ ಹತ್ತಿರ ಹೂ ಕೇಳುತ್ತೇವೆ, ಎಡಗಡೆ ಬಿದ್ದರೆ ಇನ್ನೊಂದು ದಿನ ಹೋಗಿ ಮತ್ತೆ ಕೇಳುತ್ತೇವೆ, ನಮಗೆ ಬೇಕಾದ್ದು ಬಲಗಡೆ ತಾನೇ. ನಿನಗೆ ಮಾತ್ರ ಕೇಳಿದಾಗಲೆಲ್ಲ ಉಹೂಂ ಅನ್ನುವುದೇ ಕೇಳಿಸಿತು. ಅದು ಯಾರ ದನಿ ಎಂದು ಒಮ್ಮೆ ಕೂತು ಯೋಚನೆ ಮಾಡು. ಅವಸರ ಇಲ್ಲ.

ಭಾನುವಾರ ಆ ರಂಗನಾಥ ತನ್ನ ತಾಯಿಯ ಜೊತೆ ನಿಮ್ಮ ಮನೆಗೆ ಬರುತ್ತಾನೆ. ಕುಮಾರನಿಗೆ ನಾನೇ ಫೋನ್ ಮಾಡಿ ಬರಹೇಳಿಸಿದ್ದೇನೆ. ನಾನೂ ನಿನ್ನ ಮಾವನೂ ಬೆಳಗಿನ ಬಸ್ಸಿಗೇ ಹೊರಟು ಬರುತ್ತೇವೆ. ನೀನು ಅವನನ್ನು ಒಪ್ಪಲೇಬೇಕು ಎಂದು ಈ ಕಾಗದ ಬರೆದದ್ದಲ್ಲ. ನೋಡಿ ಬೇಡ ಅನ್ನಿಸಿದರೆ ಬೇಡ ಅನ್ನು. ಮಾತು ಜಾಸ್ತಿ ಅನ್ನು, ಮೂಗು ಸರಿಯಿಲ್ಲ ಅನ್ನು, ಇನ್ನೊಂದು ಮದುವೆಯೇ ಬೇಡ, ಅತ್ತೆಯ ತಲೆ ತಿನ್ನುತ್ತಾ ಹಿರೇಬೈಲಿನಲ್ಲೇ ಇರುತ್ತೇನೆ ಅನ್ನು. ಏನಂದರೂ ನಿನ್ನ ಪಕ್ಕದಲ್ಲಿ ನಾನು ನಿಲ್ಲುತ್ತೇನೆ, ನಿನ್ನ ಅಣ್ಣನಿಗೆ ಉತ್ತರ ಹೇಳುವುದು ನನಗಿರಲಿ. ಆದರೆ ಬೇಡ ಅನ್ನುವುದನ್ನು ನೀನೇ ಅನ್ನಬೇಕು, ನಿನ್ನ ಬಾಯಿಂದ. ನನ್ನ ಮಗನ ಬಾಯಿಂದ ಅನ್ನಿಸಬೇಡ. ಅವನಿಗೆ ಈಗ ಬಾಯಿಲ್ಲ ಸೌಂದರ್ಯ. ಇದ್ದಿದ್ದರೆ ಹೂಂ ಅನ್ನುತ್ತಿದ್ದ.

ಮೂಳೆ ಬೇಗ ಕೂಡಲಿ, ನೂರು ವರ್ಷ ಬದುಕು ತಾಯಿ ಎಂದು ಹರಸುವ,

ನಿನ್ನ ಅತ್ತೆ
ವಿಮಲಮ್ಮ